ಹತ್ತಿ ನೂಲನ್ನು ಕುದಿಸಿ ಬಿಳುಪು ಮಾಡುವಾಗ ಎಳೆಯ ಬಲ ಕಾಯ್ದುಕೊಳ್ಳುವ ಕ್ರಮ

ಗಿರಣಿಯಿಂದ ಬಂದ ಕೋರಾ (ಇನ್ನೂ ಕುದಿಸದ, ಬಿಳುಪು ಮಾಡದ) ನೂಲಿನ ಲಡಿಯೊಂದನ್ನು, ಅಂದರೆ ಸಡಿಲವಾಗಿ ಸುತ್ತಿದ ಸುರುಳಿಯನ್ನು, ನೀರು ತುಂಬಿದ ಬಕೆಟ್ಟಿನ ಮೇಲೆ ಬಿಟ್ಟರೆ ಅದು ತೇಲುತ್ತಲೇ ಇರುತ್ತದೆ. ಬಹಳ ಹೊತ್ತಿನ ಮೇಲೆ ತೆಗೆದು ಬಿಡಿಸಿ ನೋಡಿದರೂ ಒಳಗಿನ ಎಳೆಗಳು ಒಣಗಿಯೇ ಇರುತ್ತವೆ. ಅದೇ ಲಡಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಸರಿಯಾಗಿ ಕುದಿಸಿ, ತೊಳೆದು, ಒಣಗಿಸಿ ಮತ್ತೆ ಬಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ತಳ ಸೇರುತ್ತದೆ. ಈ ಎರಡು ಸ್ಥಿತಿಗಳ ನಡುವೆ ನೂಲಿನ ತೂಕ, ನಂಬರು (ನೂಲು ಎಷ್ಟು ಸಣ್ಣ ಎಂಬ ಅಳತೆ), ಬಲ, ಜಾರುವ ಗುಣ, ಬಣ್ಣ ಹಿಡಿಯುವ ಗುಣ ಎಲ್ಲವೂ ಬದಲಾಗಿರುತ್ತವೆ. ಮುಂದೆ ಬ್ಲೀಚಿಂಗ್ ಮಾಡಿದಾಗ ಇನ್ನೊಮ್ಮೆ ಬದಲಾಗುತ್ತವೆ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಗದಗ-ಬೆಟಗೇರಿಗಳಂಥ ನೇಕಾರಿಕೆಯ ಊರುಗಳಲ್ಲಿ ಲಡಿ ನೂಲಿಗೆ ಬಣ್ಣ ಹಾಕುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಈ ಬದಲಾವಣೆಗಳನ್ನು ಅಳೆಯುತ್ತಾ ಕೆಲಸ ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಗಳೆಲ್ಲ 5 ಕಿಲೋ ನೂಲಿಗೆ 100 ಲೀಟರ್ ನೀರು ಎಂಬ ಪ್ರಮಾಣದವು.

ನೂಲು ಎಷ್ಟು ಬೆಳ್ಳಗಾಯಿತು ಎಂಬುದನ್ನೇ ಒಳ್ಳೆಯ ಕೆಲಸದ ಗುರುತು ಎಂದು ಭಾವಿಸುವ ರೂಢಿ ನಮ್ಮಲ್ಲಿದೆ. ನನ್ನ ತಿಳಿವಳಿಕೆಯಲ್ಲಿ ಅದು ತಪ್ಪು. ಗಾಢ ಬಣ್ಣಕ್ಕೆ ಹೋಗುವ ನೂಲಿಗೆ ಬಿಳುಪೇ ಬೇಕಾಗಿಲ್ಲ, ನೀರು ಹೀರುವ ಗುಣ ಬಂದರೆ ಸಾಕು. ಬಿಳಿಯಾಗಿಯೇ ಉಳಿಯುವ ನೂಲಿಗೂ, ತಿಳಿ ಬಣ್ಣದ ನೂಲಿಗೂ ಮಾತ್ರ ಬ್ಲೀಚಿಂಗ್ ಬೇಕು. ಕೆಲಸಕ್ಕೆ ಇಳಿಯುವ ಮೊದಲೇ ಇದನ್ನು ತೀರ್ಮಾನಿಸಿಕೊಂಡರೆ ಅರ್ಧದಷ್ಟು ನೂಲು ಅನಗತ್ಯವಾದ ಉತ್ಕರ್ಷಣೆಯಿಂದ (ಆಕ್ಸಿಡೇಶನ್) ತಪ್ಪಿಸಿಕೊಳ್ಳುತ್ತದೆ.

ಎಳೆಯೊಳಗೆ ಇರುವುದೇನು

ಒಣ ಹತ್ತಿಯ ತೂಕದಲ್ಲಿ ಶೇಕಡಾ 90ರ ಆಸುಪಾಸು ಸೆಲ್ಯುಲೋಸ್ ಇರುತ್ತದೆ. ಉಳಿದದ್ದು ಮೇಣ, ಪೆಕ್ಟಿನ್, ಪ್ರೋಟೀನು, ಖನಿಜ ಲವಣಗಳು ಮತ್ತು ಸ್ವಲ್ಪ ಬಣ್ಣದ ಪದಾರ್ಥ. ಮೇಣದ ಪಾಲು ಶೇಕಡಾ 1ರಷ್ಟು ಮಾತ್ರ. ಆದರೆ ಅದು ನಾರಿನ ಹೊರಮೈಯಲ್ಲೇ ಕುಳಿತಿರುವುದರಿಂದ ನೀರನ್ನು ಒಳಗೆ ಬಿಡುವುದಿಲ್ಲ. ಮೇಣ ಮತ್ತು ಪೆಕ್ಟಿನ್ ತೆಗೆಯುವುದು ಕುದಿಸುವ ಕೆಲಸ. ಉಳಿದ ಹಳದಿ ಛಾಯೆಯನ್ನು ಉತ್ಕರ್ಷಿಸಿ ಕಳೆಯುವುದು ಬ್ಲೀಚಿಂಗ್ ಕೆಲಸ.

ನಮ್ಮ ಮಡಿವಾಳರು ಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲಿ ನೆನೆಸಿ, ಉಬ್ಬೆ ಹಾಕಿ, ಒಗೆದು, ಬಿಸಿಲಿಗೆ ಹರಡುತ್ತಿದ್ದ ಕ್ರಮದಲ್ಲಿಯೂ ಇವೇ ಎರಡು ಹಂತಗಳಿದ್ದವು. ಸವಳಿನಲ್ಲಿರುವ ಕ್ಷಾರ ಕೊಳೆಯನ್ನೂ ಜಿಡ್ಡನ್ನೂ ಬಿಡಿಸುತ್ತಿತ್ತು, ಬಿಸಿಲು ಮತ್ತು ಗಾಳಿಯ ಆಮ್ಲಜನಕ ಬಣ್ಣವನ್ನು ಕಳೆಯುತ್ತಿದ್ದವು. 1799ರಲ್ಲಿ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದ ಮೇಲೆ ದಿನಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸ ಗಂಟೆಗಳಿಗೆ ಇಳಿಯಿತು. ಕೆಲಸ ಬೇಗವಾದಷ್ಟೂ ಕೆಡುವುದೂ ಬೇಗವಾಯಿತು ಎಂಬುದನ್ನು ಬಣ್ಣದ ಮನೆಯಲ್ಲಿ ಇರುವವರು ಮರೆಯಬಾರದು.

ಸೆಲ್ಯುಲೋಸ್ ಎಂಬುದು ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ಕೋರಾ ಹತ್ತಿಯಲ್ಲಿ ಒಂದೊಂದು ಸರಪಳಿಯಲ್ಲಿ ಸಾವಿರಾರು ಕೊಂಡಿಗಳಿರುತ್ತವೆ. ಎಳೆಯ ಬಲ ನಿಂತಿರುವುದು ಈ ಉದ್ದದ ಮೇಲೆ. ಉತ್ಕರ್ಷಕವು ಮೊದಲು ಬಣ್ಣದ ಪದಾರ್ಥದ ಮೇಲೆ ಎರಗುತ್ತದೆ. ಅದು ಮುಗಿದ ಮೇಲೂ ನೂಲು ಅದೇ ನೀರಿನಲ್ಲಿ ಉಳಿದರೆ, ಅಥವಾ ಪಿಎಚ್ (ಆಮ್ಲ-ಕ್ಷಾರದ ಅಳತೆ), ಬಿಸಿ, ಲೋಹದ ಅಂಶ ಇವುಗಳಲ್ಲಿ ಒಂದು ಹದ ತಪ್ಪಿದರೆ, ಸೆಲ್ಯುಲೋಸ್ ಮೇಲೆಯೇ ಎರಗುತ್ತದೆ. ಹಾಗೆ ಕೆಟ್ಟ ಸೆಲ್ಯುಲೋಸನ್ನು ಆಕ್ಸಿಸೆಲ್ಯುಲೋಸ್ ಎನ್ನುತ್ತಾರೆ.

ಮೊದಲ ಹೆಜ್ಜೆ: ಕೋರಾ ನೂಲನ್ನು ಅಳೆದು ಬರೆದಿಡುವುದು

ಒಟ್ಟಿಗೆ ಕುದಿಸುವ ನೂಲಿನ ಪ್ರತಿ ಲಾಟಿನಿಂದ ಎರಡು ಲಡಿಗಳನ್ನು ತೆಗೆದು, ಒಂದನ್ನು ಏನೂ ಮಾಡದೆ ಹಾಗೆಯೇ ಇಟ್ಟುಕೊಳ್ಳಬೇಕು. ಇನ್ನೊಂದಕ್ಕೆ ಬಣ್ಣದ ದಾರ ಕಟ್ಟಿ ಉಳಿದ ಲಡಿಗಳ ಜೊತೆಗೇ ಕುದಿಯಲು ಬಿಡಬೇಕು. ಮುಂದಿನ ಎಲ್ಲ ಹೋಲಿಕೆಗಳೂ ಈ ಎರಡರ ನಡುವೆಯೇ ನಡೆಯಬೇಕು.

ನಂಬರು ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದೂವರೆ ಗಜ ಸುತ್ತಳತೆಯ ರೀಲಿನ ಮೇಲೆ 80 ಸುತ್ತು ಸುತ್ತಿದರೆ 120 ಗಜದ ಒಂದು ಲೀ ಆಗುತ್ತದೆ. ಅದನ್ನು ಚಿನ್ನ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, 64.8 ಅನ್ನು ಆ ಗ್ರಾಂ ತೂಕದಿಂದ ಭಾಗಿಸಿದರೆ ನಂಬರು ಸಿಗುತ್ತದೆ. 40ನೇ ನಂಬರಿನ ಲೀ ತೂಕ 1.62 ಗ್ರಾಂ. ಅದೇ ಲೀಯ ಬಲವನ್ನು ಲೀ ಪರೀಕ್ಷಾ ಯಂತ್ರದಲ್ಲಿ ಪೌಂಡುಗಳಲ್ಲಿ ಅಳೆಯಬಹುದು; ಯಂತ್ರ ಇಲ್ಲದವರು ಹತ್ತಿರದ ಗಿರಣಿಯಲ್ಲೋ, ನೇಕಾರರ ಸೇವಾ ಕೇಂದ್ರದಲ್ಲೋ, ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಂಥ ಕಡೆಯಲ್ಲೋ ವಿಚಾರಿಸಿ ಮಾಡಿಸಿಕೊಳ್ಳುವುದು ಒಳ್ಳೆಯದು. ನಂಬರನ್ನು ಲೀ ಬಲದಿಂದ ಗುಣಿಸಿದಾಗ ಬರುವ ಸಂಖ್ಯೆಗೆ ಸಿಎಸ್‌ಪಿ ಎನ್ನುತ್ತಾರೆ.

ಬರೀ ಪೌಂಡು ನೋಡದೆ ಈ ಗುಣಲಬ್ಧವನ್ನು ನೋಡಬೇಕು ಎನ್ನುವುದಕ್ಕೆ ಕಾರಣವಿದೆ. ಕುದಿಸಿ ಬಿಳುಪು ಮಾಡಿದಾಗ ತೂಕ ಶೇಕಡಾ 5ರಿಂದ 8ರಷ್ಟು ಇಳಿಯುತ್ತದೆ. ಉದ್ದ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ನೂಲು ಸಣ್ಣದಾಗಿ, ನಂಬರು ಏರುತ್ತದೆ. ಉದಾಹರಣೆಗೆ 40ನೇ ನಂಬರಿನ ಕೋರಾ ನೂಲಿನ ಲೀ ಬಲ 58 ಪೌಂಡು ಇದ್ದರೆ ಗುಣಲಬ್ಧ 2320. ಬಿಳುಪಾದ ಮೇಲೆ ನಂಬರು 42ಕ್ಕೆ ಏರಿ, ಲೀ ಬಲ 54 ಪೌಂಡಿಗೆ ಇಳಿದರೆ ಗುಣಲಬ್ಧ 2268. ಪೌಂಡಿನಲ್ಲಿ ಶೇಕಡಾ 7ರಷ್ಟು ಇಳಿದಂತೆ ಕಂಡರೂ ನಾರಿನ ನಿಜವಾದ ನಷ್ಟ ಶೇಕಡಾ 2ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಇದು ಒಪ್ಪತಕ್ಕದ್ದು. ಅದೇ 42ನೇ ನಂಬರಿನಲ್ಲಿ ಲೀ ಬಲ 44 ಪೌಂಡಿಗೆ ಬಿದ್ದರೆ ಗುಣಲಬ್ಧ 1848 ಆಗಿ, ಶೇಕಡಾ 20ರಷ್ಟು ಬಲ ಹೋಗಿರುತ್ತದೆ. ಅಂಥದನ್ನು ಹಾಸಿನ ನೂಲಾಗಿ (ಮಗ್ಗದ ಉದ್ದ ಎಳೆಯಾಗಿ) ಕೊಡಬಾರದು.

ಇನ್ನೊಂದು ಎಚ್ಚರ. ಹತ್ತಿ ಒದ್ದೆಯಾದಾಗ ಬಲ ಹೆಚ್ಚಿಸಿಕೊಳ್ಳುವ ನಾರು. ಮಳೆಗಾಲದಲ್ಲಿ ಅಳೆದ ಕೋರಾ ನೂಲನ್ನು ಬೇಸಿಗೆಯಲ್ಲಿ ಅಳೆದ ಬಿಳಿ ನೂಲಿನೊಂದಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ನಮ್ಮ ದೇಶದ ಪ್ರಯೋಗಾಲಯಗಳು 27 ಡಿಗ್ರಿ ಸೆಲ್ಸಿಯಸ್, ಶೇಕಡಾ 65ರ ಸಾಪೇಕ್ಷ ಆರ್ದ್ರತೆ ಇಟ್ಟುಕೊಂಡು ಅಳೆಯುವುದು ಇದಕ್ಕಾಗಿಯೇ. ಆ ಅನುಕೂಲ ಇಲ್ಲದ ಕಡೆ ಕೋರಾ ಲಡಿ ಮತ್ತು ಬಿಳಿ ಲಡಿ ಎರಡನ್ನೂ ಒಂದೇ ಕೋಣೆಯಲ್ಲಿ ಒಂದು ದಿನ ಪಕ್ಕಪಕ್ಕದಲ್ಲಿ ತೂಗುಹಾಕಿ, ಒಂದೇ ಹೊತ್ತಿಗೆ ಅಳೆಯಬೇಕು.

ಎರಡನೇ ಹೆಜ್ಜೆ: ಕುದಿಸುವುದು

ಲಡಿಗಳ ಕಟ್ಟು ಸಡಿಲವಾಗಿರಬೇಕು. ಬಿಗಿಯಾಗಿ ಕಟ್ಟಿದ ಜಾಗದಲ್ಲಿ ದ್ರಾವಣ ಒಳಗಿಳಿಯದೆ, ಅಲ್ಲಿ ಕೋರಾ ಹಾಗೆಯೇ ಉಳಿದು, ಬಣ್ಣ ಹಾಕಿದಾಗ ತಿಳಿಯಾದ ಪಟ್ಟೆ ಕಾಣಿಸುತ್ತದೆ. 100 ಲೀಟರ್ ನೀರಿಗೆ 300 ಗ್ರಾಂ ಕಾಸ್ಟಿಕ್ ಸೋಡಾ, 200 ಗ್ರಾಂ ಸೋಡಾ ಆಶ್, 100 ಗ್ರಾಂ ನೆನೆಸುವ ದ್ರವ ಅಥವಾ ಟರ್ಕಿ ರೆಡ್ ಆಯಿಲ್ ಹಾಕಿ, ನೂಲನ್ನು ಇಳಿಸಿ, ನಿಧಾನವಾಗಿ ಕುದಿಗೆ ತಂದು, ಎರಡರಿಂದ ಮೂರು ಗಂಟೆ ಕುದಿಸಬೇಕು. ಕಾಸ್ಟಿಕ್ಕನ್ನು ಯಾವಾಗಲೂ ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕೇ ಹೊರತು ಕಾಸ್ಟಿಕ್ಕಿನ ಮೇಲೆ ನೀರು ಹಾಕಬಾರದು. ಅದು ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ನಿಲ್ಲಿಸಬಾರದು.

ನೀರಿನ ಗುಣ ಇಲ್ಲಿ ಬಹಳ ಮುಖ್ಯ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಮೇಣದಿಂದ ಆದ ಸಾಬೂನಿನೊಂದಿಗೆ ಸೇರಿ ಕರಗದ ಜಿಡ್ಡಾಗಿ ಎಳೆಯ ಮೇಲೆಯೇ ಕೂರುತ್ತವೆ. ಹಾಗಾದ ನೂಲು ಕೈಗೆ ಒರಟಾಗಿ, ಬಣ್ಣ ಹಿಡಿಯುವುದರಲ್ಲಿ ಒಂದೇ ಸಮನಾಗಿ ಇರುವುದಿಲ್ಲ. ಮಳೆನೀರು ಕೂಡಿಟ್ಟುಕೊಳ್ಳುವ ತೊಟ್ಟಿ ಇರುವವರು ಅದನ್ನು ಈ ಹಂತಕ್ಕೂ ಬ್ಲೀಚಿಂಗ್‌ಗೂ ಮೀಸಲಿಡಬಹುದು. ಇಲ್ಲದವರು ಗಡಸುತನ ಹಿಡಿದಿಡುವ ರಾಸಾಯನಿಕವನ್ನು ಮೊದಲೇ ನೀರಿಗೆ ಬೆರೆಸಬೇಕು.

ನೂಲು ಪೂರ್ತಿ ಮುಳುಗಿರಬೇಕು ಎಂಬ ಮಾತನ್ನು ಹಿರಿಯರು ಹೇಳುತ್ತಾರೆ, ಅದರ ಕಾರಣವನ್ನು ಮಾತ್ರ ಬಹಳ ಜನ ವಿವರಿಸುವುದಿಲ್ಲ. ಕುದಿಯುವ ಕ್ಷಾರವೊಂದೇ ಸೆಲ್ಯುಲೋಸನ್ನು ಅಷ್ಟಾಗಿ ಕೆಡಿಸುವುದಿಲ್ಲ. ಬಿಸಿ ಕ್ಷಾರದಿಂದ ತೋಯ್ದ ಎಳೆಗೆ ಗಾಳಿ ತಗುಲಿದಾಗ, ಗಾಳಿಯ ಆಮ್ಲಜನಕವೇ ಉತ್ಕರ್ಷಕವಾಗಿ ಸರಪಳಿಗಳನ್ನು ಕತ್ತರಿಸತೊಡಗುತ್ತದೆ. ಹಂಡೆಯ ಬಾಯಿಯಿಂದ ಮೇಲೆ ಇಣುಕುವ ಲಡಿಯ ತುದಿ ಒಂದೇ ಕಡೆ ಮೃದುವಾಗಿ, ಮಗ್ಗದ ಮೇಲೆ ಗಜಗಟ್ಟಲೆ ಅಂತರದಲ್ಲಿ ಮತ್ತೆ ಮತ್ತೆ ತುಂಡಾಗುವುದಕ್ಕೆ ಇದೇ ಕಾರಣ. ತೂತು ಇರುವ ಸ್ಟೀಲ್ ತಟ್ಟೆಯೊಂದನ್ನು ಲಡಿಗಳ ಮೇಲೆ ಹೊರೆಯಾಗಿ ಇಟ್ಟು, ಹಂಡೆಗೆ ಮುಚ್ಚಳ ಹಾಕಿದರೆ ಈ ತೊಂದರೆ ಇರುವುದಿಲ್ಲ.

ಕುದಿಸಿದ ಮೇಲೆ ಮೊದಲ ತೊಳೆತ ಬಿಸಿ ನೀರಿನಲ್ಲಿಯೇ ಆಗಬೇಕು. ಏಕಾಏಕಿ ತಣ್ಣೀರು ಸುರಿದರೆ ನೀರಿನಲ್ಲಿ ತೇಲುತ್ತಿದ್ದ ಮೇಣ ಹೆಪ್ಪುಗಟ್ಟಿ ಮತ್ತೆ ಎಳೆಗೆ ಅಂಟುತ್ತದೆ. ಎರಡು ಬಾರಿ ಬಿಸಿ ನೀರು, ಆಮೇಲೆ ತಣ್ಣೀರು, ಕೊನೆಗೆ ಸ್ವಲ್ಪ ಅಸಿಟಿಕ್ ಆಮ್ಲ ಬೆರೆಸಿದ ನೀರು ಎಂಬುದು ಸರಿಯಾದ ಕ್ರಮ. ಒಣಗಿದ ಎಳೆಗಳನ್ನು ಒತ್ತಾಗಿ ಹಲಗೆಗೆ ಸುತ್ತಿ ಮೇಲೆ ಒಂದು ಹನಿ ನೀರು ಬಿಟ್ಟರೆ ಐದು ಸೆಕೆಂಡಿನೊಳಗೆ ಹನಿಯ ಹೊಳಪು ಮಾಯವಾಗಬೇಕು. ಅದಕ್ಕಿಂತ ತಡವಾದರೆ ಬ್ಲೀಚಿಂಗ್‌ನಿಂದ ಸರಿಹೋದೀತು ಎಂದು ಮುಂದೆ ಸಾಗಬಾರದು, ಮತ್ತೊಮ್ಮೆ ಕುದಿಸಬೇಕು.

ಚೆನ್ನಾಗಿ ಕುದಿಸಿದ ನೂಲಿನ ಬಲ ಕೆಲವೊಮ್ಮೆ ಕೋರಾಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ. ಮೇಣ ಹೋದ ಮೇಲೆ ನಾರುಗಳು ಒಂದರ ಮೇಲೊಂದು ಜಾರದೆ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ನೂಲು ತುಸು ಕುಗ್ಗುವುದರಿಂದ ಎಳೆದಾಗ ಹಿಗ್ಗುವ ಗುಣವೂ ಹೆಚ್ಚುತ್ತದೆ. ಇದೇ ಕಾರಣಕ್ಕೆ ಅಂಥ ನೂಲು ಮಗ್ಗದ ಅಚ್ಚಿನಲ್ಲಿ, ಹಣಿಗೆಯಲ್ಲಿ ಹೆಚ್ಚು ತಿಕ್ಕಾಟ ಕೊಡುತ್ತದೆ. ಮೇಲ್ಮೈಯ ಜುಂಗು ಏಳುತ್ತದೆ. ಆದ್ದರಿಂದ ಹಾಸಿನ ನೂಲಿಗೆ ಗಂಜಿ ಹಾಕುವಾಗ ಒಂದಿಷ್ಟು ಎಣ್ಣೆಯ ಅಂಶ ಸೇರಿಸಿ, ಕಳೆದುಹೋದ ಜಾರುವಿಕೆಯನ್ನು ಹಿಂದಕ್ಕೆ ಕೊಡಬೇಕು.

ಮೂರನೇ ಹೆಜ್ಜೆ: ಬಿಳುಪು ಮಾಡುವುದು

ಇದಕ್ಕೆ ಎರಡು ದಾರಿಗಳಿವೆ. ನಾನು ಹೈಡ್ರೋಜನ್ ಪೆರಾಕ್ಸೈಡನ್ನೇ ಸಲಹೆ ಮಾಡುತ್ತೇನೆ. ಅದರ ಖರ್ಚು ಹೆಚ್ಚು, ಉರುವಲೂ ಬೇಕು. ಆದರೆ ಅದು ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಬಿಳುಪು ಬೇಗ ಹಳದಿಗೆ ತಿರುಗುವುದಿಲ್ಲ, ಕುದಿಸುವಾಗ ಉಳಿದ ಅಲ್ಪಸ್ವಲ್ಪ ಜಿಡ್ಡನ್ನೂ ತೆಗೆಯುತ್ತದೆ.

100 ಲೀಟರ್ ನೀರಿಗೆ ಮೊದಲು 500 ಗ್ರಾಂ ಸೋಡಿಯಂ ಸಿಲಿಕೇಟ್, ನಂತರ 80ರಿಂದ 100 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಕೊನೆಯಲ್ಲಿ ಶೇಕಡಾ 50ರ ಪೆರಾಕ್ಸೈಡ್ 400 ಮಿಲಿಲೀಟರ್ ಸೇರಿಸಬೇಕು. ಪಿಎಚ್ 10.5ರಿಂದ 11ರ ಒಳಗಿರಬೇಕು. ನೂಲನ್ನು ಇಳಿಸಿ 85ರಿಂದ 90 ಡಿಗ್ರಿಗೆ ಏರಿಸಿ ಒಂದು ಗಂಟೆ ಇಡಬೇಕು, ನಡುನಡುವೆ ಲಡಿಗಳನ್ನು ತಿರುವಬೇಕು. ಸಿಲಿಕೇಟ್ ಇಲ್ಲಿ ಕಡಿವಾಣದ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ಪೆರಾಕ್ಸೈಡ್ ಬಿಸಿ ಕ್ಷಾರದಲ್ಲಿ ಒಮ್ಮೆಲೇ ಒಡೆದು, ಬಿಳುಪೂ ಬರದೆ ನೂಲೂ ಕೆಡುತ್ತದೆ. ಸಿಲಿಕೇಟ್ ಹಾಕಿದ ಮೇಲೆ ತೊಳೆತ ಬಿಸಿ ನೀರಿನಿಂದಲೇ ಶುರುವಾಗಬೇಕು, ಇಲ್ಲವಾದರೆ ಅದು ಮರಳಿನ ಪುಡಿಯಂತೆ ಎಳೆಯಲ್ಲಿ ಉಳಿದು ನೂಲು ಚರಚರ ಎನ್ನುತ್ತದೆ.

ಪೆರಾಕ್ಸೈಡಿನ ದೊಡ್ಡ ವೈರಿ ಲೋಹ. ಕಬ್ಬಿಣ, ತಾಮ್ರ, ಮ್ಯಾಂಗನೀಸಿನ ಕಣವೊಂದು ಎಳೆಯ ಮೇಲೆ ಕುಳಿತಿದ್ದರೆ, ಆ ಜಾಗದಲ್ಲಿ ಪೆರಾಕ್ಸೈಡ್ ರಭಸದಿಂದ ಒಡೆದು ಅಷ್ಟು ಎಳೆಯನ್ನು ಸುಟ್ಟಂತೆ ಮಾಡುತ್ತದೆ. ಅಜ್ಜನ ಕಾಲದ ತಾಮ್ರದ ಹಂಡೆ ಬೇರೆ ಕೆಲಸಕ್ಕೆ ಎಷ್ಟೇ ಒಳ್ಳೆಯದಿರಲಿ, ಪೆರಾಕ್ಸೈಡಿಗೆ ಅದನ್ನು ಬಳಸಬಾರದು. ಕಬ್ಬಿಣದ ಡ್ರಮ್ಮನ್ನೂ ಬಳಸಬಾರದು. ಸ್ಟೇನ್‌ಲೆಸ್ ಸ್ಟೀಲ್ ಹಂಡೆ ಬೇಕು. ಲಡಿ ತೂಗುಹಾಕುವ ಕೋಲಿನಲ್ಲಿ ತುಕ್ಕು ಹಿಡಿದ ಮೊಳೆ ಇದೆಯೇ ಎಂದು ಬೆರಳಿನಿಂದ ಸವರಿ ನೋಡಿರಿ. ನೂಲಿನ ಮೇಲೆ ಆಗಲೇ ತುಕ್ಕಿನ ಕಲೆ ಇದ್ದರೆ, ಬ್ಲೀಚಿಂಗ್‌ಗೆ ಮೊದಲು ಲೀಟರಿಗೆ 3ರಿಂದ 5 ಗ್ರಾಂ ಆಕ್ಸಾಲಿಕ್ ಆಮ್ಲದ ಬೆಚ್ಚನೆಯ ನೀರಿನಲ್ಲಿ ಕಲೆ ತೆಗೆದು, ಆಮ್ಲದ ಸುಳಿವೂ ಉಳಿಯದಂತೆ ತೊಳೆಯಬೇಕು. ಎಳೆಯಲ್ಲಿ ಆಮ್ಲ ಉಳಿದು ಒಣಗಿದರೆ ಅದು ಬೇರೆಯೇ ದಾರಿಯಲ್ಲಿ, ಉತ್ಕರ್ಷಣೆಯ ನೆರವಿಲ್ಲದೆಯೂ, ಸರಪಳಿಯನ್ನು ಕಡಿಯುತ್ತದೆ.

ದ್ರಾವಣದ ಬಲ ತಿಳಿಯಲು 10 ಮಿಲಿಲೀಟರ್ ತೆಗೆದು, ಸಲ್ಫ್ಯೂರಿಕ್ ಆಮ್ಲದಿಂದ ಆಮ್ಲೀಯಗೊಳಿಸಿ, ಡೆಸಿನಾರ್ಮಲ್ (0.1 ನಾರ್ಮಲ್) ಪರ್ಮಾಂಗನೇಟ್ ದ್ರಾವಣವನ್ನು ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಹನಿಸಬೇಕು. ಖರ್ಚಾದ ಮಿಲಿಲೀಟರ್‌ಗಳನ್ನು 0.17ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಪೆರಾಕ್ಸೈಡ್ ಇದೆ ಎಂಬುದು ತಿಳಿಯುತ್ತದೆ. ಮೇಲಿನ ಪ್ರಮಾಣದಲ್ಲಿ ಆರಂಭದಲ್ಲಿ 14 ಮಿಲಿಲೀಟರ್ ಆಸುಪಾಸು ಬರಬೇಕು. ಅರ್ಧ ಗಂಟೆಯೊಳಗೇ ಅದು ಸೊನ್ನೆಯ ಹತ್ತಿರ ಬಂದರೆ ನೀರಿನಲ್ಲೋ ಹಂಡೆಯಲ್ಲೋ ಲೋಹ ಇದೆ ಎಂದು ಸಂಶಯಪಡಬೇಕು. ಇನ್ನಷ್ಟು ಪೆರಾಕ್ಸೈಡ್ ಸುರಿಯುವುದು ಅದಕ್ಕೆ ಪರಿಹಾರವಲ್ಲ.

ಬ್ಲೀಚಿಂಗ್ ಪೌಡರ್ ಬಳಸುವವರಿಗೆ

ಬಿಸಿ ಬೇಡ, ಬೆಲೆ ಕಡಿಮೆ ಎಂಬ ಕಾರಣಕ್ಕೆ ಬ್ಲೀಚಿಂಗ್ ಪೌಡರನ್ನು ಇನ್ನೂ ಬಹಳ ಕಡೆ ಬಳಸುತ್ತಾರೆ. ಅದರಿಂದ ಒಳ್ಳೆಯ ಕೆಲಸ ಮಾಡಲು ಸಾಧ್ಯವಿದೆ, ಆದರೆ ಅದು ತಪ್ಪನ್ನು ಕ್ಷಮಿಸುವುದಿಲ್ಲ. ಹೊಸ ಪೌಡರಿನಲ್ಲಿ ಶೇಕಡಾ 33ರಷ್ಟು ಲಭ್ಯ ಕ್ಲೋರಿನ್ (ಬಿಳುಪು ಮಾಡುವ ಕೆಲಸಕ್ಕೆ ಒದಗುವ ಕ್ಲೋರಿನ್) ಇರುತ್ತದೆ. ಚೀಲ ಒಡೆದು ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಲೀಟರಿಗೆ 2 ಗ್ರಾಂ ಲಭ್ಯ ಕ್ಲೋರಿನ್ ಬೇಕೆಂದರೆ 100 ಲೀಟರಿಗೆ ಹೊಸ ಪೌಡರ್ 600 ಗ್ರಾಂ ಹಿಡಿಯುತ್ತದೆ. ಅದನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಕಲಸಿ, ಗಸಿ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ಗಸಿಯ ಒಂದು ಕಣ ಎಳೆಯ ಮೇಲೆ ಕುಳಿತರೂ ಅಲ್ಲಿ ಎಳೆ ಸಾಯುತ್ತದೆ. ತಿಳಿಗೆ ಸೋಡಾ ಆಶ್ ಸೇರಿಸಿ ಪಿಎಚ್ 10ರ ಮೇಲೆ ಇಟ್ಟುಕೊಂಡು, ನೆರಳಿನಲ್ಲಿ, ಸಿಮೆಂಟ್ ಅಥವಾ ಪ್ಲಾಸ್ಟಿಕ್ ತೊಟ್ಟಿಯಲ್ಲಿ 45ರಿಂದ 60 ನಿಮಿಷ ನೂಲನ್ನು ಇಡಬೇಕು.

ಪಿಎಚ್ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಹೀಗಿದೆ. ಉತ್ಕರ್ಷಣೆ ನಡೆದಂತೆಲ್ಲ ದ್ರಾವಣದಲ್ಲಿ ಆಮ್ಲ ಹುಟ್ಟಿ ಪಿಎಚ್ ತಾನಾಗಿ ಇಳಿಯುತ್ತದೆ. ಅದು 7ರ ಹತ್ತಿರ ಬಂದಾಗ ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್ ಎರಡೂ ಒಟ್ಟಿಗಿದ್ದು, ಸೆಲ್ಯುಲೋಸ್ ಮೇಲಿನ ದಾಳಿ ಅತ್ಯಂತ ತೀವ್ರವಾಗುತ್ತದೆ. ಬೆಳಿಗ್ಗೆ 10.5 ಇದ್ದ ತೊಟ್ಟಿಯಲ್ಲೇ ಮಧ್ಯಾಹ್ನ ಎರಡನೇ ಲಾಟು ಮುಳುಗಿಸುವವರು ಈ ಅಪಾಯದೊಳಗೆ ತಿಳಿಯದೆ ಕಾಲಿಡುತ್ತಾರೆ. ಹತ್ತು ಡಿಗ್ರಿ ಬಿಸಿ ಏರಿದರೆ ವೇಗ ಸುಮಾರು ಎರಡು ಪಟ್ಟಾಗುವುದರಿಂದ, ಬಾಗಲಕೋಟೆ ಸೀಮೆಯ ಏಪ್ರಿಲ್ ತಿಂಗಳಲ್ಲಿ ಚಳಿಗಾಲದ ಗಡಿಯಾರ ನಡೆಯುವುದಿಲ್ಲ.

ಇದನ್ನು ನಾನು ನಷ್ಟ ಅನುಭವಿಸಿ ಕಲಿತೆ. ಒಂದು ಬೇಸಿಗೆಯಲ್ಲಿ ನಮ್ಮ ತೊಟ್ಟಿಯ ಮೇಲಿನ ಚಪ್ಪರ ಹಾರಿಹೋಗಿತ್ತು. ಬಿಸಿಲು ನೇರವಾಗಿ ನೀರಿನ ಮೇಲೆ ಬೀಳುತ್ತಿತ್ತು. ಊಟಕ್ಕೆ ಹೋದವರು ಬರುವುದು ತಡವಾಗಿ ನೂಲು ಎರಡು ಗಂಟೆ ಮುಳುಗಿಯೇ ಇತ್ತು. ಹೊರತೆಗೆದಾಗ ಅಷ್ಟು ಬಿಳುಪನ್ನು ನಾವು ಅದುವರೆಗೆ ಕಂಡಿರಲಿಲ್ಲ, ಸಂತೋಷವೇ ಆಯಿತು. ಅದಕ್ಕೆ ವ್ಯಾಟ್ ಬಣ್ಣ (ಕಾಸ್ಟಿಕ್ ನೀರಿನಲ್ಲಿ ಕರಗಿಸಿ ಏರಿಸುವ ಬಗೆಯದು) ಹಾಕಿ ಕಳಿಸಿದೆವು. ಮೂರು ವಾರದ ಮೇಲೆ ವಯಸ್ಸಾದ ನೇಕಾರರೊಬ್ಬರು ಹಾಸಿನ ಒಂದು ಹಿಡಿ ಎಳೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ಬಿಚ್ಚಿ, "ತಮ್ಮಾ, ನೋಡಾಕ ಛಲೋ ಐತಿ, ಎಳದ್ರ ಬೂದಿ ಆಗೈತಿ" ಎಂದರು. ಎರಡು ಬೆರಳಿನ ನಡುವೆ ಹಿಡಿದು ತುಸು ಜಗ್ಗಿದರೆ ಎಳೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತಿತ್ತು. ತುಂಡಾದ ತುದಿಯಲ್ಲಿ ನಾರುಗಳು ಚಾಚಿಕೊಂಡಿರಲಿಲ್ಲ, ಕತ್ತರಿಸಿದಂತೆ ಮೊಂಡಾಗಿದ್ದವು. ಆರೋಗ್ಯವಾದ ನೂಲು ತುಂಡಾದಾಗ ನಾರುಗಳು ಜಾರಿ ಕುಂಚದಂತೆ ಕಾಣುತ್ತವೆ. ಆ ಮೊಂಡು ತುದಿಯನ್ನು ನೋಡಿದ ದಿನದಿಂದ ನಾನು ಪರೀಕ್ಷೆ ಮಾಡದೆ ಲಾಟು ಹೊರಗೆ ಕಳಿಸಿಲ್ಲ.

ಕ್ಲೋರಿನ್ ಅಳೆಯುವ ಬಗೆ ಸರಳ. 10 ಮಿಲಿಲೀಟರ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ಅಸಿಟಿಕ್ ಆಮ್ಲ ಸೇರಿಸಿ, ಬಿಡುಗಡೆಯಾದ ಅಯೋಡಿನ್ನನ್ನು ಡೆಸಿನಾರ್ಮಲ್ ಥಯೋಸಲ್ಫೇಟಿನಿಂದ ಬಣ್ಣ ಹೋಗುವವರೆಗೆ ಹನಿಸಿ, ಖರ್ಚಾದ ಮಿಲಿಲೀಟರನ್ನು 0.355ರಿಂದ ಗುಣಿಸಿದರೆ ಲೀಟರಿಗೆ ಇರುವ ಕ್ಲೋರಿನ್ ಗ್ರಾಂಗಳಲ್ಲಿ ಸಿಗುತ್ತದೆ. ಬಿಳುಪಾದ ನೂಲನ್ನು ತೊಳೆದ ಮೇಲೆ ಹೈಪೋ ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟನ್ನು ಲೀಟರಿಗೆ 2 ಗ್ರಾಂನಂತೆ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಆಡಿಸಿ, ಎಳೆಯಲ್ಲಿ ಉಳಿದ ಕ್ಲೋರಿನ್ನನ್ನು ಕೊಲ್ಲಲೇಬೇಕು. ಬ್ಲೀಚಿಂಗ್ ಪೌಡರಿನ ತೊಟ್ಟಿಗೆ ಆಮ್ಲ ಬೀಳದಂತೆ ನೋಡಿಕೊಳ್ಳಿರಿ. ಬಿದ್ದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆಯ ಬಣ್ಣ ಮಾಸಿದಂತೆ ಕಾಣಿಸಲು ಬಳಸುವ ಹೈಪೋಕ್ಲೋರೈಟ್ ಮತ್ತು ಪರ್ಮಾಂಗನೇಟ್ ಕೂಡ ಇದೇ ಉತ್ಕರ್ಷಣೆಯ ಕೆಲಸ ಮಾಡುತ್ತವೆ. ಅಲ್ಲಿಯೂ ಈ ಎಚ್ಚರಿಕೆಗಳು ಅನ್ವಯಿಸುತ್ತವೆ.

ನಾಲ್ಕನೇ ಹೆಜ್ಜೆ: ಅಡಗಿದ ಹಾನಿಯನ್ನು ಹುಡುಕುವುದು

ಉತ್ಕರ್ಷಣೆಯ ಹಾನಿ ಎಲ್ಲವೂ ಒಂದೇ ಬಗೆಯದಲ್ಲ. ತಟಸ್ಥ ಅಥವಾ ಆಮ್ಲೀಯ ಸ್ಥಿತಿಯಲ್ಲಿ ನಡೆದ ಉತ್ಕರ್ಷಣೆಯಿಂದ ಸೆಲ್ಯುಲೋಸ್‌ನಲ್ಲಿ ಹೆಚ್ಚಾಗಿ ಆಲ್ಡಿಹೈಡ್ ಗುಂಪುಗಳು ಹುಟ್ಟುತ್ತವೆ. ಕ್ಷಾರೀಯ ಸ್ಥಿತಿಯಲ್ಲಿ ಹೆಚ್ಚಾಗಿ ಕಾರ್ಬಾಕ್ಸಿಲ್ ಗುಂಪುಗಳು. ಮೊದಲನೆಯದು ಮೋಸ ಮಾಡುವ ಬಗೆ. ಕೊಂಡಿ ಸಡಿಲವಾಗಿದ್ದರೂ ಸರಪಳಿ ಪೂರ್ತಿ ಕಳಚಿರುವುದಿಲ್ಲವಾದ್ದರಿಂದ ಆ ದಿನದ ಲೀ ಪರೀಕ್ಷೆಯಲ್ಲಿ ಬಲ ಚೆನ್ನಾಗಿಯೇ ಬರಬಹುದು. ಆಮೇಲೆ ವ್ಯಾಟ್ ಬಣ್ಣದ ಕಾಸ್ಟಿಕ್ ತಗುಲಿದಾಗ, ಅಥವಾ ಮನೆಯಲ್ಲಿ ಸೋಡಾ ಹಾಕಿ ಒಗೆದಾಗ, ಆ ಜಾಗಗಳಲ್ಲೆಲ್ಲ ಸರಪಳಿ ಬಿಚ್ಚಿಕೊಳ್ಳುತ್ತದೆ. ನಮ್ಮ ಲಾಟಿನಲ್ಲಿ ಆದದ್ದು ಇದೇ.

ಇದನ್ನು ಮೊದಲೇ ಬಯಲು ಮಾಡಲು, ಬಿಳಿ ನೂಲಿನ ಮಾದರಿಯನ್ನು ಲೀಟರಿಗೆ 10 ಗ್ರಾಂ ಕಾಸ್ಟಿಕ್ ಇರುವ ನೀರಿನಲ್ಲಿ, ಗಾಳಿ ತಗುಲದಂತೆ ಮುಳುಗಿಸಿ, ಅರ್ಧ ಗಂಟೆ ಕುದಿಸಬೇಕು. ಬರೀ ಕುದಿಸಿದ, ಬ್ಲೀಚ್ ಮಾಡದ ನೂಲಿನ ಮಾದರಿಯನ್ನೂ ಪಕ್ಕದಲ್ಲಿ ಹಾಗೆಯೇ ಕುದಿಸಬೇಕು. ಒಳ್ಳೆಯ ನೂಲು ಹೆಚ್ಚು ಬದಲಾಗುವುದಿಲ್ಲ. ಆಲ್ಡಿಹೈಡ್ ಬಗೆಯ ಹಾನಿ ಇದ್ದರೆ ನೂಲೂ ನೀರೂ ಹಳದಿಗೆ ತಿರುಗುತ್ತವೆ, ಒಣಗಿಸಿ ಅಳೆದಾಗ ಬಲ ಕುಸಿದಿರುತ್ತದೆ. ಫೆಹ್ಲಿಂಗ್ ದ್ರಾವಣ ಸಿಗುವವರು ಅದರಲ್ಲಿ ಎಳೆಗಳನ್ನು ಕೆಲವು ನಿಮಿಷ ಕುದಿಸಿ ತೊಳೆದರೆ, ಕೆಟ್ಟ ಜಾಗಗಳಲ್ಲಿ ತಾಮ್ರದ ಆಕ್ಸೈಡಿನ ಇಟ್ಟಿಗೆ ಕೆಂಪು ಕಾಣಿಸುತ್ತದೆ. ಪ್ರಯೋಗಾಲಯಗಳಲ್ಲಿ ಇದನ್ನೇ ಅಂಕಿಯಾಗಿ ಹೇಳಲು ತಾಮ್ರ ಸಂಖ್ಯೆಯನ್ನು ಬಳಸುತ್ತಾರೆ.

ಕಾರ್ಬಾಕ್ಸಿಲ್ ಬಗೆಯ ಹಾನಿಗೆ ಮೆಥಿಲೀನ್ ಬ್ಲೂ ಸಾಕ್ಷಿ. ಅದರ ತೆಳು ದ್ರಾವಣದಲ್ಲಿ ನೂಲನ್ನು ಹತ್ತು ನಿಮಿಷ ತಣ್ಣಗೆ ಅದ್ದಿ, ಬಿಸಿ ನೀರಿನಲ್ಲಿ ತೊಳೆದಾಗ, ಹಾನಿಯಾದ ಎಳೆ ಹೆಚ್ಚು ನೀಲಿಯಾಗಿ ಉಳಿಯುತ್ತದೆ. ಡೈರೆಕ್ಟ್ ಬಣ್ಣಗಳ (ನೀರಿನಲ್ಲಿ ಕರಗಿಸಿ ನೇರವಾಗಿ ಹಾಕುವ ಬಣ್ಣಗಳ) ವಿಷಯದಲ್ಲಿ ಇದು ತಲೆಕೆಳಗು. ಅವು ಋಣ ವಿದ್ಯುದಂಶದವು, ಕಾರ್ಬಾಕ್ಸಿಲ್ ಗುಂಪೂ ಹಾಗೆಯೇ, ಆದ್ದರಿಂದ ಒಂದನ್ನೊಂದು ದೂಡಿ ಆ ಜಾಗ ತಿಳಿಯಾಗುತ್ತದೆ. ಬಣ್ಣ ಹಾಕಿದ ಲಡಿಯಲ್ಲಿ ತಿಳಿ ಪಟ್ಟೆ ಕಂಡಾಗ ಬಣ್ಣ ಮಾರಿದವರನ್ನು ದೂರುವ ಮೊದಲು ಈ ಪರೀಕ್ಷೆ ಮಾಡಿ ನೋಡುವುದು ನ್ಯಾಯ. ಸರಪಳಿಯ ಉದ್ದ ಎಷ್ಟು ಉಳಿದಿದೆ ಎಂಬ ಕರಾರುವಾಕ್ಕಾದ ಉತ್ತರಕ್ಕೆ ಕ್ಯುಪ್ರಮೋನಿಯಂ ಫ್ಲೂಯಿಡಿಟಿ ಪರೀಕ್ಷೆ ಇದೆ; ಅದರಲ್ಲಿ ಹತ್ತಿಯನ್ನು ತಾಮ್ರ-ಅಮೋನಿಯಾ ದ್ರಾವಣದಲ್ಲಿ ಕರಗಿಸಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುತ್ತಾರೆ, ಸರಪಳಿ ತುಂಡಾದಷ್ಟೂ ಅಂಕಿ ಏರುತ್ತದೆ. ಅದರ ಅಂಕಿ 5ರ ಆಸುಪಾಸು ಇದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ. 10 ದಾಟಿದರೆ ಎಲ್ಲೋ ಕೈ ತಪ್ಪಿದೆ ಎಂದರ್ಥ.

ಉತ್ಕರ್ಷಣೆಯನ್ನು ಬೇಕೆಂದೇ ಮಾಡಿಸುವ ಸಂದರ್ಭಗಳೂ ಇವೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು ಇಟ್ಟು, ದೇಹದಲ್ಲೇ ಕರಗಿಹೋಗಲು ಬಿಡುವ ಉತ್ಕರ್ಷಿತ ಸೆಲ್ಯುಲೋಸ್ ಅಂಥದು. ಪೆರಿಯೋಡೇಟ್ ಬಳಸಿದರೆ ಗ್ಲೂಕೋಸ್ ಉಂಗುರದ ಎರಡು ಮತ್ತು ಮೂರನೇ ಇಂಗಾಲಗಳ ನಡುವಿನ ಬಂಧ ಮುರಿದು ಎರಡು ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಅವುಗಳಿಗೆ ಔಷಧಿಯನ್ನೋ ಕಿಣ್ವವನ್ನೋ ಜೋಡಿಸಬಹುದು. ಅಲ್ಲಿ ಬಲದ ನಷ್ಟವನ್ನು ತಿಳಿದೇ ಒಪ್ಪಿಕೊಂಡಿರುತ್ತಾರೆ. ಮಗ್ಗಕ್ಕೆ ಹೋಗುವ ನೂಲಿಗೆ ಆ ಮಾತು ಸಲ್ಲದು.

ಮರ್ಸರೈಸಿಂಗ್ ಮತ್ತು ವ್ಯಾಟ್ ಬಣ್ಣದ ಉತ್ಕರ್ಷಣೆ

ಮರ್ಸರೈಸ್ ಮಾಡುವವರು ಶೇಕಡಾ 20ರಿಂದ 24ರ ಕಾಸ್ಟಿಕ್ ದ್ರಾವಣವನ್ನು 15ರಿಂದ 18 ಡಿಗ್ರಿಗೆ ತಣಿಸಿ, ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಅದ್ದುತ್ತಾರೆ, ಬಿಗಿ ಸಡಿಲಿಸದೆಯೇ ತೊಳೆಯುತ್ತಾರೆ. ನಾರು ಉಬ್ಬಿ ದುಂಡಗಾಗಿ ಹೊಳಪು ಬರುತ್ತದೆ, ಬಲವೂ ಬಣ್ಣ ಹೀರುವ ಶಕ್ತಿಯೂ ಹೆಚ್ಚುತ್ತವೆ. ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಿ ಎಳೆತ ಇರಲಿಲ್ಲ, ಹಾಗಾಗಿ ಹೊಳಪೂ ಇರಲಿಲ್ಲ. ಎಳೆತ ಸೇರಿಸಿದವರು ಹಲವು ದಶಕಗಳ ನಂತರ ಹೊರೇಸ್ ಲೋ. ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32ರಂಥ ಉದ್ದ ಎಳೆಯ ಹತ್ತಿಯ ಸಣ್ಣ ನೂಲಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಬ್ಲೀಚಿಂಗ್‌ನಲ್ಲಿ ಕೆಟ್ಟ ನೂಲನ್ನು ಮರ್ಸರೈಸಿಂಗ್ ಗಟ್ಟಿ ಮಾಡೀತು ಎಂದು ನಂಬಬೇಡಿ. ತುಂಡಾದ ಸರಪಳಿಗಳು ಆ ಕ್ಷಾರದಲ್ಲಿ ಕರಗಿ ಹೊರಟುಹೋಗುತ್ತವೆ.

ವ್ಯಾಟ್ ಬಣ್ಣವನ್ನು ಹೈಡ್ರೋಸಲ್ಫೈಟಿನಿಂದ ಕರಗಿಸಿ ನೂಲಿಗೆ ಏರಿಸಿದ ಮೇಲೆ ಅದನ್ನು ಎಳೆಯೊಳಗೇ ಕರಗದಂತೆ ಮಾಡಲು ಮತ್ತೊಮ್ಮೆ ಉತ್ಕರ್ಷಣೆ ಬೇಕು. ನೂಲನ್ನು ಹಿಂಡಿ, ಕ್ಷಾರವನ್ನು ತೊಳೆದು, 15ರಿಂದ 20 ನಿಮಿಷ ಗಾಳಿಗೆ ಬಿಡುವುದು ಮೊದಲನೆಯ ಹಂತ. ಆಮೇಲೆ ಲೀಟರಿಗೆ 1 ಮಿಲಿಲೀಟರ್ ಪೆರಾಕ್ಸೈಡ್ ಇರುವ 50 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಸಾಕು. ಕ್ಷಾರ ತೊಳೆಯದೆ ಪೆರಾಕ್ಸೈಡಿಗೆ ಇಳಿಸಿದರೆ ಬಣ್ಣವೂ ಎಳೆಯೂ ಎರಡೂ ಅತಿಯಾಗಿ ಉತ್ಕರ್ಷಣೆಗೊಳ್ಳುವ ಅಪಾಯವಿದೆ. ಕೆಲವು ವ್ಯಾಟ್ ನೀಲಿಗಳು ಹಾಗಾದಾಗ ಹಸಿರು ಛಾಯೆಗೆ ತಿರುಗುತ್ತವೆ. ಹಿಂದೆ ಬಳಸುತ್ತಿದ್ದ ಪೊಟ್ಯಾಸಿಯಂ ಡೈಕ್ರೋಮೇಟನ್ನು ಕೈಬಿಡಬೇಕು, ಅದರ ಕ್ರೋಮಿಯಂ ಮನುಷ್ಯನಿಗೂ ನೀರಿಗೂ ವಿಷ. ಕೆಲವು ಹಳದಿ ಮತ್ತು ಕಿತ್ತಳೆ ವ್ಯಾಟ್ ಬಣ್ಣಗಳಿಗೆ ಇನ್ನೊಂದು ದುರ್ಗುಣವಿದೆ. ಬಿಸಿಲಿನಲ್ಲಿ ಅವು ತಾವು ಮಾಸದೆ, ತಮ್ಮನ್ನು ಹೊತ್ತ ಎಳೆಯನ್ನು ಉತ್ಕರ್ಷಣೆಗೆ ಒಡ್ಡಿ ಕುಂದಿಸುತ್ತವೆ. ಅಂಥ ಬಣ್ಣದ ನೂಲನ್ನು ಒಣಗಿಸುವಾಗ ನೆರಳು ಕಡ್ಡಾಯ.

ಕೊನೆಯ ಹೆಜ್ಜೆ

ಬಳಸಿದ ದ್ರಾವಣಗಳನ್ನು ಹಾಗೆಯೇ ಹಳ್ಳಕ್ಕೆ ಬಿಡಬಾರದು. ಕ್ಷಾರದ ನೀರಿಗೆ ಆಮ್ಲ ಸೇರಿಸುವ ಮೊದಲು ಅದರಲ್ಲಿ ಕ್ಲೋರಿನ್ ಉಳಿದಿಲ್ಲ ಎಂದು ಅಯೋಡೈಡ್ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಉಳಿದಿದ್ದರೆ ಹೈಪೋ ಹಾಕಿ ಕಳೆದು, ಪಿಎಚ್ 7ರ ಹತ್ತಿರ ತಂದ ಮೇಲೆಯೇ ಮುಂದಿನ ಸಂಸ್ಕರಣೆಗೆ ಬಿಡಬೇಕು.

ದಾರ ಕಟ್ಟಿದ್ದ ಲಡಿಯನ್ನು ಈಗ ಬಿಡಿಸಿ, ಆರಂಭದಲ್ಲಿ ಮಾಡಿದಂತೆಯೇ ಲೀ ತೆಗೆದು, ಒಂದು ದಿನ ಕೋರಾ ಲಡಿಯ ಪಕ್ಕದಲ್ಲಿ ತೂಗುಹಾಕಿ, ನಂಬರು, ಲೀ ಬಲ, ಹನಿ ಹೀರಿದ ಸೆಕೆಂಡು, ಕ್ಷಾರದಲ್ಲಿ ಕುದಿಸಿದ ಮೇಲಿನ ಬಲ ಈ ನಾಲ್ಕನ್ನೂ ಲಾಟಿನ ಚೀಟಿಯಲ್ಲಿ ಬರೆಯಬೇಕು. ಗುಣಲಬ್ಧದ ಇಳಿಕೆ ಶೇಕಡಾ 5ರ ಒಳಗಿದ್ದರೆ ಹಾಸಿನ ನೂಲಾಗಿ ಕೊಡಬಹುದು. 5ರಿಂದ 10ರ ನಡುವೆ ಇದ್ದರೆ ಹೊಕ್ಕಿಗೆ (ಅಡ್ಡ ಎಳೆಗೆ) ಇಟ್ಟುಕೊಳ್ಳುವುದು ಲೇಸು, ಅಲ್ಲಿ ಎಳೆಯ ಮೇಲೆ ಬೀಳುವ ಜಗ್ಗಾಟ ಕಡಿಮೆ. ಇವು ಎಲ್ಲಿಯೂ ಮುದ್ರಿತವಾದ ಮಿತಿಗಳಲ್ಲ, ನನ್ನ ಬಣ್ಣದ ಮನೆಯಲ್ಲಿ ನಾನು ಹಾಕಿಕೊಂಡಿರುವ ಗೆರೆಗಳು. ಚೀಟಿಯ ಒಂದು ಪ್ರತಿಯನ್ನು ನೂಲಿನ ಜೊತೆಗೇ ನೇಕಾರರಿಗೆ ಕಳಿಸುತ್ತೇನೆ. ಗಂಜಿ ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.